ಅಂಗಳ, ತೋಟ, ಗೇಟಿನ ತನಕ ಎಳೆಯುವ ವೈರ್ ಎಷ್ಟು ದಪ್ಪ ಇರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಿಂದಾಚೆ ಮುಳಶಿ, ಪಾನಶೇತ್, ಭೋರ್ ಕಡೆ ಜಾಗ ಕೊಂಡು ಮನೆ ಕಟ್ಟಿಸಿದ ಕನ್ನಡಿಗರು, ಗೋವಾದ ಕಾಣಕೋಣ, ಪೋಂಡಾ ಕಡೆ ಹೋಮ್‌ಸ್ಟೇ ನಡೆಸುವವರು, ಮುಂಬೈಯ ಸೊಸೈಟಿ ಕಮಿಟಿಗಳಲ್ಲಿರುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿವು. ಇಲ್ಲಿನ ಲೆಕ್ಕವೆಲ್ಲ 230 ವೋಲ್ಟ್ ಸಿಂಗಲ್ ಫೇಸ್, ತಾಮ್ರದ ವೈರಿಗೆ. ಬೇರೆ ಇದ್ದಲ್ಲಿ ಹೇಳಿದ್ದೇವೆ. ವೈರ್ ಎಳೆಯುವ, ಬೋರ್ಡಿಗೆ ಕೂಡಿಸುವ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಅವರು ಹಾಕುತ್ತಿರುವುದು ಸರಿಯೇ ಎಂದು ನೋಡಿಕೊಳ್ಳಲು ಈ ಪುಟ.

ಮನೆಯೊಳಗೆ ಲೈಟಿಗೆ ಒಂದೂವರೆ, ಪ್ಲಗ್ಗಿಗೆ ಎರಡೂವರೆ ಹಾಕುತ್ತಾರೆ. ಹೊರಗೂ ಅದೇ ಸಾಲದೇ?

ಮನೆಯೊಳಗೆ ಬೋರ್ಡಿನಿಂದ ಪ್ಲಗ್ಗಿಗೆ ಹತ್ತು ಹದಿನೈದು ಮೀಟರ್ ದೂರ. ಅಷ್ಟಕ್ಕೆ ವೈರ್ ಬಿಸಿಯಾಗದೆ ಎಷ್ಟು ಆಂಪ್ಸ್ ಹೊರುತ್ತದೆ ಎಂಬುದೊಂದನ್ನೇ ನೋಡಿದರೆ ಸಾಕು. ಎರಡೂವರೆ ಸ್ಕ್ವೇರ್ ಎಂಎಂ (ತಾಮ್ರದ ಅಡ್ಡಕೊಯ್ತದ ಅಳತೆ, ಮುಂದೆ ಬರೀ ‘ಎಂಎಂ’ ಎಂದರೂ ಇದೇ) ವೈರ್ ಪೈಪಿನೊಳಗೆ, ನಮ್ಮ ಕಡೆಯ ಸೆಖೆಯಲ್ಲೂ ಸುಮಾರು 20 ಆಂಪ್ಸ್ ಹೊರುತ್ತದೆ. ಹೊರಗೆ ಗೇಟಿನ ತನಕ 80 ಮೀಟರ್ ಇದ್ದರೆ ಅದೇ ವೈರ್ ಬಿಸಿಯಾಗುವುದಿಲ್ಲ, ಸುಟ್ಟೂ ಹೋಗುವುದಿಲ್ಲ, ಆದರೆ ದಾರಿಯಲ್ಲೇ ವೋಲ್ಟೇಜ್ ತಿನ್ನುತ್ತದೆ. ಜೊತೆಗೆ ತುದಿಯಲ್ಲಿ ಶಾರ್ಟ್ ಆದಾಗ ಎಂಸಿಬಿಯನ್ನು (ಕರೆಂಟು ಮಿತಿ ಮೀರಿದಾಗ ತಾನಾಗಿ ಆಫ್ ಆಗುವ ಸ್ವಿಚ್) ಬೀಳಿಸುವಷ್ಟು ಕರೆಂಟು ಹರಿಯಲು ಬಿಡುವುದಿಲ್ಲ. ಈ ಎರಡನೆಯದನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಹೊರಗಿನ ಲೈನಿಗೆ ಮೊದಲು ಕೇಳಬೇಕಾದದ್ದು ಎಷ್ಟು ಮೀಟರ್ ಎಂದು. ಎಷ್ಟು ಆಂಪ್ಸ್ ಎಂಬುದು ಆಮೇಲೆ.

ಪುಣೆ, ಮುಂಬೈಯ ಮಿಸ್ತ್ರಿಗಳು ಒಂದೂವರೆಗೆ ‘ದೀಡ್’, ಎರಡೂವರೆಗೆ ‘ಅಡೀಚ್’ ಎನ್ನುತ್ತಾರೆ. ಹಳೆಯ ಕಟ್ಟಡಗಳಲ್ಲಿ ‘ಮೂರು ಇಪ್ಪತ್ತು’, ‘ಏಳು ಇಪ್ಪತ್ತು’ ಎಂಬ ಮಾತು ಇನ್ನೂ ಕೇಳಿಸುತ್ತದೆ. 20 ಗೇಜಿನ ಮೂರು ಎಳೆ ಎಂದರೆ ಹತ್ತಿರ ಹತ್ತಿರ 2 ಸ್ಕ್ವೇರ್ ಎಂಎಂ, ಏಳು ಎಳೆ ಎಂದರೆ ಸುಮಾರು 4.6.

ವೋಲ್ಟೇಜ್ ಎಷ್ಟು ಇಳಿದರೆ ನಡೆಯುತ್ತದೆ?

ವೈರಿಂಗಿನ ಭಾರತೀಯ ಮಾನಕ ಐಎಸ್ 732ರ ಪ್ರಕಾರ ಲೈಟಿಂಗಿಗೆ 3 ಶೇಕಡಾ, ಉಳಿದ ಲೋಡಿಗೆ 5 ಶೇಕಡಾ. ಅಂದರೆ ಸುಮಾರು 6.9 ವೋಲ್ಟ್ ಮತ್ತು 11.5 ವೋಲ್ಟ್. ಇದು ಮೀಟರಿನಿಂದ ಕೊನೆಯ ಪಾಯಿಂಟಿನ ತನಕದ ಒಟ್ಟು ಇಳಿತ. ಮೀಟರಿನಿಂದ ಮನೆಯ ಡಿಬಿಗೆ (ಎಂಸಿಬಿಗಳಿರುವ ಬೋರ್ಡು) ಬರುವಾಗಲೇ ಒಂದು ಶೇಕಡಾ ಹೋಗಿರುತ್ತದೆ ಎಂದಿಟ್ಟುಕೊಳ್ಳಿ. ಹೊರಗಿನ ಪ್ಲಗ್ ಲೈನಿಗೆ ಉಳಿಯುವುದು 4 ಶೇಕಡಾ, ಅಂದರೆ 9.2 ವೋಲ್ಟ್. ಹಳ್ಳಿ ಫೀಡರಿನಲ್ಲಿ ಸಂಜೆ ಹೊತ್ತಿಗೆ ಬರುವ ವೋಲ್ಟೇಜೇ ಕಡಿಮೆ ಇದ್ದರೆ ಇನ್ನೂ ಬಿಗಿಯಾಗಿ ಲೆಕ್ಕ ಹಾಕುವುದು ಒಳ್ಳೆಯದು.

ಲೆಕ್ಕ ಹಾಕುವುದು ಹೇಗೆ?

ಕ್ಯಾಲ್ಕುಲೇಟರ್ ಇದ್ದರೆ ಒಂದು ನಿಮಿಷದ ಕೆಲಸ. ವೈರ್ ಪೂರ್ತಿ ಲೋಡಿನಲ್ಲಿ ಬಿಸಿಯಾಗಿ 70 ಡಿಗ್ರಿ ಮುಟ್ಟಿದಾಗ ಒಂದು ಆಂಪ್‌ಗೆ, ಒಂದು ಮೀಟರಿಗೆ ಎಷ್ಟು ಮಿಲಿವೋಲ್ಟ್ ಇಳಿಯುತ್ತದೆ ಎಂಬುದು ಇಲ್ಲಿದೆ. ಹೋಗುವ ಫೇಸ್, ಮರಳುವ ನ್ಯೂಟ್ರಲ್ ಎರಡೂ ಇದರಲ್ಲೇ ಸೇರಿವೆ.

1.5 ಸ್ಕ್ವೇರ್ ಎಂಎಂ: 29
2.5 ಸ್ಕ್ವೇರ್ ಎಂಎಂ: 18
4 ಸ್ಕ್ವೇರ್ ಎಂಎಂ: 11
6 ಸ್ಕ್ವೇರ್ ಎಂಎಂ: 7.3
10 ಸ್ಕ್ವೇರ್ ಎಂಎಂ: 4.4
16 ಸ್ಕ್ವೇರ್ ಎಂಎಂ: 2.8

ಈ ಅಂಕಿಯನ್ನು ಆಂಪ್ಸಿನಿಂದ, ಮತ್ತೆ ಮೀಟರಿನಿಂದ ಗುಣಿಸಿ 1000ದಿಂದ ಭಾಗಿಸಿ. ಬರುವುದು ಇಳಿಯುವ ವೋಲ್ಟ್. 60 ಮೀಟರ್ ದೂರದಲ್ಲಿ 10 ಆಂಪ್ಸ್ ಎಳೆಯುವ ಉಪಕರಣಕ್ಕೆ ಎರಡೂವರೆ ವೈರ್ ಹಾಕಿದರೆ 18 × 10 × 60 = 10,800, ಅಂದರೆ 10.8 ವೋಲ್ಟ್, 4.7 ಶೇಕಡಾ. ಅದೇ ಜಾಗಕ್ಕೆ 4 ಹಾಕಿದರೆ 6.6 ವೋಲ್ಟ್, 2.9 ಶೇಕಡಾ. ಮೊದಲನೆಯದು ಕಾಗದದ ಮೇಲೆ ಪಾಸು, ಮೀಟರಿನಿಂದ ಡಿಬಿ ತನಕದ ಇಳಿತ ಸೇರಿಸಿದರೆ ಫೇಲು.

ಲೆಕ್ಕಕ್ಕೆ ಹೋಗಲು ಪುರುಸೊತ್ತಿಲ್ಲದವರಿಗೆ, 4 ಶೇಕಡಾ ಮಿತಿ ಇಟ್ಟುಕೊಂಡಾಗ 16 ಆಂಪ್ಸ್ ಪೂರ್ತಿ ಎಳೆದರೆ ಹೋಗಬಹುದಾದ ದೂರ ಹೀಗಿದೆ: ಎರಡೂವರೆಗೆ ಸುಮಾರು 32 ಮೀಟರ್, 4ಕ್ಕೆ 52, 6ಕ್ಕೆ 78, 10ಕ್ಕೆ 130. ಹತ್ತೇ ಆಂಪ್ಸ್ ಆದರೆ 51, 83, 126, 209.

ಉದ್ದ ಅಳೆಯುವುದು ನೇರವಾಗಿಯೋ, ವೈರ್ ಹೋಗುವ ದಾರಿಯಲ್ಲೋ?

ವೈರ್ ಹೋಗುವ ದಾರಿಯಲ್ಲಿ, ಒಂದು ಬದಿಗೆ ಮಾತ್ರ. ಡಿಬಿಯಿಂದ ಗೋಡೆ ಇಳಿದದ್ದು, ಕಾಂಪೌಂಡಿನ ಮೂಲೆ ಸುತ್ತಿದ್ದು, ಕಂಬ ಹತ್ತಿದ್ದು ಎಲ್ಲ ಸೇರಿಸಿ, ಮೇಲೆ ಹತ್ತು ಶೇಕಡಾ. ಬಿಡಿ ವೈರಿನ ಕಾಯಿಲ್ ಸಾಮಾನ್ಯವಾಗಿ 90 ಮೀಟರ್. ‘ಮೂರು ಕಾಯಿಲ್ ತಂದರೆ ಸಾಕು’ ಎಂದು ಮಿಸ್ತ್ರಿ ಹೇಳಿದರೆ ದಾರಿ ಬಿಟ್ಟು ಕಾಯಿಲಿನ ಲೆಕ್ಕ ಹಿಡಿದಿದ್ದಾರೆ ಎಂದರ್ಥ. ಕಾಯಿಲ್ ಮುಗಿದ ಕಡೆ ನಡುವೆ ಒಂದು ಜಾಯಿಂಟ್ ಬರುತ್ತದೆ, ಮಳೆಗಾಲದಲ್ಲಿ ನೀರು ಹಿಡಿಯುವುದು ಅಲ್ಲೇ. ಆರ್ಮರ್ಡ್ ಕೇಬಲನ್ನು (ಉಕ್ಕಿನ ಕವಚವಿರುವುದು) ಅಳತೆಗೆ ಕತ್ತರಿಸಿ ಕೊಡುತ್ತಾರೆ, ಒಂದೇ ತುಂಡಾಗಿ ತರಿಸಿ.

ದಾರಿಯುದ್ದ 20 ಎಲ್‌ಇಡಿ ದೀಪ ಹಾಕಬೇಕು, 80 ಮೀಟರ್. 4 ಎಂಎಂ ಬೇಕೆನ್ನುತ್ತಾರಲ್ಲ?

ಬೇಡ. 10 ವಾಟಿನ 20 ದೀಪ ಎಂದರೆ 200 ವಾಟ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.9 ಹಿಡಿದರೆ ಒಂದು ಆಂಪ್‌ಗೂ ಸ್ವಲ್ಪ ಕಡಿಮೆ. ಎಲ್ಲ ದೀಪವೂ ಕೊನೆಯಲ್ಲೇ ಇದ್ದರೂ ಒಂದೂವರೆ ವೈರಿನಲ್ಲಿ 29 × 1 × 80, ಅಂದರೆ 2.3 ವೋಲ್ಟ್, ಒಂದು ಶೇಕಡಾ. ದೀಪಗಳು ದಾರಿಯುದ್ದಕ್ಕೂ ಸಮನಾಗಿ ಹಂಚಿದ್ದರೆ ಅದರ ಅರ್ಧ. ಅಗ್ಗದ ದೀಪಗಳ ಡ್ರೈವರಿನಲ್ಲಿ (ದೀಪಕ್ಕೆ ಬೇಕಾದ ಕರೆಂಟು ಕೊಡುವ ಸರ್ಕ್ಯೂಟ್) ಪವರ್ ಫ್ಯಾಕ್ಟರ್ 0.5ರ ಹತ್ತಿರ ಇರುವುದೂ ಉಂಟು, ಆಗ ಆಂಪ್ಸ್ ಇಮ್ಮಡಿ. ಆದರೂ ಮಿತಿಯೊಳಗೇ ಇರುತ್ತದೆ. ಸೋಡಿಯಂ, ಹ್ಯಾಲೊಜೆನ್ ಕಾಲದಲ್ಲಿ ಮಾಡಿಟ್ಟ ಲೆಕ್ಕವನ್ನು ಎಲ್‌ಇಡಿಗೂ ಎಳೆಯುವುದರಿಂದ ದುಡ್ಡು ದಂಡ. ಆ ದುಡ್ಡನ್ನು ಒಳ್ಳೆಯ ಗ್ಲ್ಯಾಂಡಿಗೆ (ಕೇಬಲ್ ಪೆಟ್ಟಿಗೆಯೊಳಗೆ ಹೋಗುವ ಕಡೆ ಬಿಗಿಯುವ ಬಿರಡೆ), ಧೂಳು ನೀರು ತಡೆಯುವ ಐಪಿ65 ಪೆಟ್ಟಿಗೆಗೆ ಹಾಕಿ. ಮಣ್ಣಿನೊಳಗೆ ಹೂತಿಡುವ ದೀಪಕ್ಕೆ ಐಪಿ67 ಬೇಕು.

ಎರಡೂವರೆ ಹಾಕಲು ಬೇರೆ ಕಾರಣವಿದೆ: ಗಟ್ಟಿತನ, ಮುಂದೆ ನಾಲ್ಕು ದೀಪ ಸೇರಿಸುವ ಅವಕಾಶ. ಅದು ನ್ಯಾಯವಾದ ಕಾರಣವೇ.

ಅದೇ ಲೈನಿಗೆ ಒಂದು ಪ್ಲಗ್ ಪಾಯಿಂಟ್ ಸೇರಿಸಿದರೆ?

ಸೇರಿಸಬೇಡಿ ಎಂದೇ ನಮ್ಮ ಸಲಹೆ. ದೀಪಕ್ಕೆ ಒಂದು ಆಂಪ್, ಪ್ಲಗ್ಗಿಗೆ ಹುಲ್ಲು ಕತ್ತರಿಸುವ ಮಷಿನ್, ಕಾರ್ ತೊಳೆಯುವ ಪ್ರೆಶರ್ ವಾಷರ್, ಮದುವೆ ಮನೆಯ ಮೈಕ್ ಸೆಟ್ಟು. ಪ್ಲಗ್ಗಿಗೆ ಏನು ಚುಚ್ಚುತ್ತಾರೆ ಎಂಬುದು ನಿಮ್ಮ ಕೈಯಲ್ಲಿಲ್ಲ, ಅದನ್ನು 16 ಆಂಪ್ಸಿಗೇ ಲೆಕ್ಕ ಹಾಕಬೇಕು. ಎರಡೂ ಒಂದೇ ಲೈನಿನಲ್ಲಿದ್ದರೆ ದೀಪದ ಲೈನೂ ದಪ್ಪವಾಗಬೇಕು, ಪ್ಲಗ್ಗಿನಲ್ಲಿ ನೀರು ಸೋರಿದ ರಾತ್ರಿ ದೀಪವೂ ಆರುತ್ತದೆ. ಬೇರೆ ಬೇರೆ ಇರಲಿ.

12 ವೋಲ್ಟಿನ ಗಾರ್ಡನ್ ಲೈಟಿಗೆ ತೆಳ್ಳಗಿನ ವೈರ್ ಸಾಕಲ್ಲವೇ? ವೋಲ್ಟೇಜೇ ಕಡಿಮೆ.

ಇಲ್ಲಿ ಲೆಕ್ಕ ತಿರುಗುಮುರುಗು. ವೋಲ್ಟೇಜ್ ಕಡಿಮೆಯಾದರೆ ಅದೇ ವಾಟಿಗೆ ಆಂಪ್ಸ್ ಜಾಸ್ತಿ. 5 ವಾಟಿನ 12 ದೀಪ ಸೇರಿ 60 ವಾಟ್ ಎಂದರೆ 12 ವೋಲ್ಟಿನಲ್ಲಿ 5 ಆಂಪ್ಸ್. 20 ಮೀಟರ್ ದೂರಕ್ಕೆ ಎರಡೂವರೆ ವೈರ್ ಹಾಕಿದರೂ 1.8 ವೋಲ್ಟ್ ಇಳಿಯುತ್ತದೆ, ಅಂದರೆ 15 ಶೇಕಡಾ. ಇಷ್ಟು ಕಡಿಮೆ ಕರೆಂಟಿಗೆ ವೈರ್ ಬಿಸಿಯಾಗದ ಕಾರಣ ನಿಜವಾದ ಇಳಿತ ಇದಕ್ಕಿಂತ ತುಸು ಕಡಿಮೆ. ಆದರೂ ಮೊದಲ ದೀಪ ಝಗ್ಗನೆ, ಕೊನೆಯ ದೀಪ ಮಂಕು. 24 ವೋಲ್ಟಿನ ದೀಪ ಆರಿಸಿದರೆ ಆಂಪ್ಸ್ ಅರ್ಧ, ಶೇಕಡಾವಾರು ಇಳಿತ ನಾಲ್ಕನೇ ಒಂದು. ಇನ್ನೂ ಒಳ್ಳೆಯ ದಾರಿ ಎಂದರೆ 230 ವೋಲ್ಟನ್ನು ದೀಪಗಳ ಗುಂಪಿನ ಹತ್ತಿರ ತನಕ ಒಯ್ದು, ಅಲ್ಲಿ ಡ್ರೈವರನ್ನು ಪೆಟ್ಟಿಗೆಯಲ್ಲಿಟ್ಟು, ನಡುವಿನಿಂದ ಎರಡೂ ಕಡೆಗೆ ಕವಲು ಬಿಡುವುದು.

ತೋಟದ ತುದಿಯ ಪಂಪ್ ಗುಂಯ್‌ಗುಡುತ್ತದೆ, ಸುತ್ತುವುದಿಲ್ಲ. ಕೆಪಾಸಿಟರ್ ಬದಲಿಸಿದ್ದೂ ಆಯಿತು.

ಒಂದು ಎಚ್‌ಪಿ ಸಿಂಗಲ್ ಫೇಸ್ ಪಂಪ್ ಓಡುವಾಗ ಆರೇಳು ಆಂಪ್ಸ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. 35 ಆಂಪ್ಸ್ ಎಂದಿಟ್ಟುಕೊಂಡು ಎರಡೂವರೆ ವೈರಿನಲ್ಲಿ 100 ಮೀಟರಿಗೆ ಲೆಕ್ಕ ಹಾಕಿದರೆ 63 ವೋಲ್ಟ್ ಇಳಿತ. ಪಂಪಿಗೆ ಸಿಗುವುದು 170ರ ಆಸುಪಾಸು. ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ, ಹಾಗಾಗಿ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಸುತ್ತದೆ ನಿಂತ ಮೋಟಾರು ಅದೇ ದೊಡ್ಡ ಕರೆಂಟನ್ನು ಎಳೆಯುತ್ತಲೇ ಇರುತ್ತದೆ, ವೈಂಡಿಂಗ್ ಸುಡುತ್ತದೆ. 6 ಎಂಎಂ ಹಾಕಿದರೆ ಇಳಿತ 25 ವೋಲ್ಟಿನ ಹತ್ತಿರ, ಪಂಪ್ ಎದ್ದು ನಿಲ್ಲುತ್ತದೆ. ಪಂಪಿನ ದುರಸ್ತಿಗೆ ಮತ್ತೆ ಮತ್ತೆ ದುಡ್ಡು ಹಾಕುವ ಮೊದಲು, ಶುರು ಮಾಡುವ ಹೊತ್ತಿಗೆ ಪಂಪಿನ ಸ್ಟಾರ್ಟರಿನಲ್ಲಿ ವೋಲ್ಟೇಜ್ ಎಷ್ಟು ತೋರಿಸುತ್ತದೆ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ.

ಎಂಸಿಬಿ ಇದೆಯಲ್ಲ, ಉದ್ದ ವೈರಿನಲ್ಲಿ ಶಾರ್ಟ್ ಆದರೂ ಬೀಳುತ್ತದಲ್ಲವೇ?

ಬಿದ್ದೇ ಬೀಳುತ್ತದೆ ಎನ್ನುವ ಹಾಗಿಲ್ಲ. ದಯವಿಟ್ಟು ಇದನ್ನು ಸಾವಧಾನವಾಗಿ ಓದಿ.

ಪೇಟೆಯಲ್ಲಿ ಸುಲಭಕ್ಕೆ ಸಿಗುವುದು ಸಿ ಕರ್ವ್ ಎಂಸಿಬಿ. 16 ಆಂಪ್ಸಿನದು ತಕ್ಷಣ ಬೀಳಲು ಅದರ ಐದರಿಂದ ಹತ್ತು ಪಟ್ಟು ಕರೆಂಟು ಬೇಕು, ಖಾತರಿಯಾಗಿ ಬೀಳಲು 160 ಆಂಪ್ಸ್. 100 ಮೀಟರ್ ಎರಡೂವರೆ ತಾಮ್ರದ ವೈರಿನ ಹೋಗಿ ಬರುವ ರೆಸಿಸ್ಟೆನ್ಸ್ ತಣ್ಣಗಿದ್ದಾಗ ಸುಮಾರು 1.5 ಓಮ್, ಬಿಸಿಯಾದಾಗ 1.8. 230ನ್ನು 1.8ರಿಂದ ಭಾಗಿಸಿದರೆ 128 ಆಂಪ್ಸ್, ಟ್ರಾನ್ಸ್‌ಫಾರ್ಮರಿನಿಂದ ಮನೆ ತನಕದ ಲೈನ್ ಸೇರಿದರೆ ಇನ್ನೂ ಕಡಿಮೆ. ಆಗ ಎಂಸಿಬಿ ಕ್ಷಣದಲ್ಲಿ ಬೀಳುವ ಬದಲು ಬಿಸಿಯಾಗಿ ನಿಧಾನಕ್ಕೆ ಬೀಳಬಹುದು. ಅಷ್ಟು ಹೊತ್ತು ಆ ತುದಿಯಲ್ಲಿ ಕಿಡಿ ಹಾರುತ್ತಿರುತ್ತದೆ. ಇದಕ್ಕೆ ಎರಡು ಪರಿಹಾರ: ವೈರ್ ದಪ್ಪ ಮಾಡುವುದು, ಅಥವಾ ಬಿ ಕರ್ವ್ ಎಂಸಿಬಿ ಕೇಳಿ ತರುವುದು. ಬಿ ಕರ್ವ್ 16 ಆಂಪ್ಸಿನದು 80 ಆಂಪ್ಸಿಗೆ ಖಂಡಿತ ಬೀಳುತ್ತದೆ. ಉದ್ದ ಲೈನಿಗೆ ಬಿ ಕರ್ವೇ ಮೇಲು.

ಫೇಸ್ ವೈರ್ ಕಂಬದ ಲೋಹಕ್ಕೆ ತಾಗಿದರೆ ಕತೆ ಇನ್ನೂ ಕಷ್ಟ. ಕರೆಂಟು ಮರಳುವ ದಾರಿ ಮಣ್ಣು. ನಿಮ್ಮ ಅರ್ಥಿಂಗ್, ಟ್ರಾನ್ಸ್‌ಫಾರ್ಮರಿನ ಅರ್ಥಿಂಗ್ ಸೇರಿ 20 ಓಮ್ ಇದ್ದರೆ ಹರಿಯುವುದು ಹನ್ನೊಂದೂವರೆ ಆಂಪ್ಸ್. 16 ಆಂಪ್ಸಿನ ಎಂಸಿಬಿ ಎಷ್ಟು ಹೊತ್ತಾದರೂ ಬೀಳುವುದಿಲ್ಲ. ಒದ್ದೆ ನೆಲದಲ್ಲಿ ಬರಿಗಾಲಿನ ಮಗು ಆ ಕಂಬ ಮುಟ್ಟಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಅದಕ್ಕೇ ಹೊರಗಿನ ಪ್ರತಿ ಲೈನಿಗೂ, ಕರೆಂಟು ಸೋರಿದ ಕೂಡಲೇ ಬೀಳುವ 30 ಮಿಲಿಆಂಪಿನ ಆರ್‌ಸಿಸಿಬಿ ಬೇಕೇ ಬೇಕು. ವೈರ್ ಎಷ್ಟೇ ದಪ್ಪವಿದ್ದರೂ ಅದು ಇದರ ಬದಲಿ ಆಗಲಾರದು.

ಮಳೆ ಶುರುವಾದರೆ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. ತೆಗೆದುಹಾಕೋಣವೇ?

ಖಂಡಿತ ಬೇಡ. ಎಲ್ಲೋ ನೀರು ಸೇರಿದೆ ಎಂದು ಅದು ಹೇಳುತ್ತಿದೆ. ಹೊರಗಿನ ಲೈನುಗಳಿಗೆ ಒಂದೊಂದು ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡೂ ಸೇರಿದ್ದು) ಬೇರೆಯಾಗಿ ಹಾಕಿಸಿ. ಆಗ ಗೇಟಿನ ದೀಪದ ತೊಂದರೆಗೆ ಒಳಗಿನ ಫ್ರಿಜ್ ನಿಲ್ಲುವುದಿಲ್ಲ, ದೋಷ ಯಾವ ಲೈನಿನದು ಎಂಬುದೂ ತಿಳಿಯುತ್ತದೆ. ಹುಡುಕುವಾಗ ಫೇಸ್ ಮತ್ತು ಅರ್ಥ್ ನಡುವೆ ಮಾತ್ರ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ‘ಎಲ್ಲ ಸರಿ ಇದೆ’ ಎನ್ನುವವರಿದ್ದಾರೆ. ನ್ಯೂಟ್ರಲ್ ಅರ್ಥಿಗೆ ತಾಗಿದರೂ ಆರ್‌ಸಿಸಿಬಿ ಬೀಳುತ್ತದೆ, ಬೇರೆ ಲೈನಿನ ನ್ಯೂಟ್ರಲ್ ಇದಕ್ಕೆ ಬೆರೆತಿದ್ದರೂ ಬೀಳುತ್ತದೆ. ಎರಡನ್ನೂ ನೋಡಿಸಿ. ಮೆಗ್ಗರ್ ಹಾಕುವ ಮೊದಲು ಎಲ್‌ಇಡಿ ಡ್ರೈವರುಗಳನ್ನು ಬಿಡಿಸಿರಬೇಕು, ಇಲ್ಲದಿದ್ದರೆ 500 ವೋಲ್ಟಿಗೆ ಅವೇ ಹೋಗುತ್ತವೆ.

ನೀರು ಒಳಹೋಗುವ ಜಾಗ ಹೆಚ್ಚಾಗಿ ಪೆಟ್ಟಿಗೆಯ ನೆತ್ತಿ. ಕೇಬಲ್ ಯಾವಾಗಲೂ ಕೆಳಗಿನಿಂದ ಗ್ಲ್ಯಾಂಡ್ ಮೂಲಕ ಒಳಬರಬೇಕು. ಮೇಲಿನಿಂದ ಬರುವ ವೈರಾದರೆ ಪೆಟ್ಟಿಗೆಗಿಂತ ಕೆಳಗೆ ಒಂದು ಬಾಗು ಕೊಟ್ಟು ಮತ್ತೆ ಮೇಲೆತ್ತಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

6 ಎಂಎಂ ವೈರ್ ಹಾಕಿದ್ದೇವೆ, 32 ಆಂಪ್ಸಿನ ಎಂಸಿಬಿ ಹಾಕಬಹುದೇ?

ತುದಿಯಲ್ಲಿ 16 ಆಂಪ್ಸಿನ ಸಾಕೆಟ್ ಇದ್ದರೆ ಎಂಸಿಬಿಯೂ 16. ಇಲ್ಲಿ ವೈರ್ ದಪ್ಪ ಮಾಡಿದ್ದು ದೂರಕ್ಕಾಗಿ, ಹೆಚ್ಚು ಕರೆಂಟು ಎಳೆಯಲು ಅಲ್ಲ. ಸಾಕೆಟ್ಟಿನ ತಿರುಪಿನೊಳಗೆ 6 ಎಂಎಂ ಹೋಗದಿದ್ದಾಗ ನಾಲ್ಕೆಳೆ ಕತ್ತರಿಸಿ ತೂರಿಸುವುದು ಕೆಟ್ಟ ಅಭ್ಯಾಸ, ಆ ಜಾಗವೇ ಬಿಸಿಯಾಗಿ ಕರಗುತ್ತದೆ. ಹತ್ತಿರದ ಜಂಕ್ಷನ್ ಪೆಟ್ಟಿಗೆಯಲ್ಲಿ ಟರ್ಮಿನಲ್ ಬ್ಲಾಕ್ ಇಟ್ಟು, ಅಲ್ಲಿಂದ ಸಾಕೆಟ್ಟಿಗೆ ಒಂದಡಿ ಎರಡೂವರೆ ವೈರ್ ಬಿಡಿ. 16 ಆಂಪ್ಸಿನ ಎಂಸಿಬಿ ಇರುವ ತನಕ ಆ ತುಂಡಿಗೆ ಅಪಾಯವಿಲ್ಲ.

ಎರಡೂವರೆ ವೈರ್ ಎರಡೆರಡು ಜೋಡಿಸಿದರೆ 5 ಎಂಎಂ ಆಗುವುದಿಲ್ಲವೇ?

ಲೆಕ್ಕಕ್ಕೆ ಆಗುತ್ತದೆ, ಬಳಕೆಗೆ ಬೇಡ. ಒಂದರ ಜಾಯಿಂಟ್ ಸಡಿಲವಾದರೆ ಯಾರಿಗೂ ಗೊತ್ತಾಗದೆ ಪೂರ್ತಿ ಹೊರೆ ಇನ್ನೊಂದರ ಮೇಲೆ ಬೀಳುತ್ತದೆ.

ಅಲ್ಯೂಮಿನಿಯಂ ಕೇಬಲ್ ಹಾಕಿದರೆ?

ಉದ್ದ ದೂರಕ್ಕೆ ಒಳ್ಳೆಯ ಆಯ್ಕೆಯೇ, ಕೂಡಿಸುವ ಜಾಗದಲ್ಲಿ ಎಚ್ಚರ ಇದ್ದರೆ. 10 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ, 6 ಎಂಎಂ ತಾಮ್ರಕ್ಕೆ ಸಮ, ಎರಡಕ್ಕೂ ಕಿಲೋಮೀಟರಿಗೆ 3.08 ಓಮ್. 16 ಅಲ್ಯೂಮಿನಿಯಂ ಹೆಚ್ಚುಕಡಿಮೆ 10 ತಾಮ್ರ. ಆದರೆ ತಾಮ್ರಕ್ಕೂ ಅಲ್ಯೂಮಿನಿಯಮ್ಮಿಗೂ ನೇರ ತಿರುಚಿ ಕಟ್ಟಿದರೆ ಗೋವಾ, ಮುಂಬೈಯ ಉಪ್ಪುಗಾಳಿಯಲ್ಲಿ ಬೇಗನೆ ಬಿಳಿ ಪುಡಿ ಕಟ್ಟಿ ಸಡಿಲವಾಗುತ್ತದೆ. ಒಂದು ಬದಿ ತಾಮ್ರ, ಇನ್ನೊಂದು ಬದಿ ಅಲ್ಯೂಮಿನಿಯಂ ಇರುವ ಬೈಮೆಟಲ್ ಲಗ್ ಹಾಕಿ ಕ್ರಿಂಪ್ ಮಾಡಬೇಕು.

ಮಣ್ಣಿನೊಳಗೆ ಯಾವ ಕೇಬಲ್, ಎಷ್ಟು ಆಳ?

ಮನೆಯೊಳಗಿನ ಬಿಡಿ ವೈರನ್ನು ಪಿವಿಸಿ ಪೈಪಿಗೆ ತೂರಿಸಿ ಹೂಳುವುದು ಕೊಂಕಣ ಪಟ್ಟಿಯಲ್ಲಿ ಬಹಳ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಪೈಪು ನೀರಿನ ಕೊಳವೆ. ಐಎಸ್ 694ರ ವೈರಿನ ಇನ್ಸುಲೇಷನ್ ವರ್ಷವರ್ಷ ನೀರಿನಲ್ಲಿ ನೆನೆಯಲು ಮಾಡಿದ್ದಲ್ಲ. ಹೂಳಲು ಐಎಸ್ 1554ರ ಪಿವಿಸಿ ಆರ್ಮರ್ಡ್ ಅಥವಾ ಐಎಸ್ 7098ರ ಎಕ್ಸ್‌ಎಲ್‌ಪಿಇ ಆರ್ಮರ್ಡ್ ಕೇಬಲ್ ತನ್ನಿ, 3 ಕೋರಿನದು. ಉಕ್ಕಿನ ಕವಚ ಇದ್ದರೆ ಹೆಗ್ಗಣದ ಹಲ್ಲು, ಗುದ್ದಲಿಯ ಏಟು ಎರಡಕ್ಕೂ ತಡೆ. ಆ ಕವಚವನ್ನು ಗ್ಲ್ಯಾಂಡಿನಲ್ಲಿ ಬಿಗಿಯಾಗಿ ಹಿಡಿಸಿ ಅರ್ಥಿಗೆ ಸೇರಿಸಲೇಬೇಕು. ಆದರೆ ಕವಚವನ್ನೇ ಅರ್ಥ್ ವೈರ್ ಎಂದು ನಂಬಬೇಡಿ, ತುಕ್ಕು ಹಿಡಿದರೆ ದಾರಿ ತಪ್ಪುತ್ತದೆ. ಮೂರನೆಯ ಕೋರ್ ಇರುವುದೇ ಅರ್ಥಿಗೆ. 16 ಎಂಎಂ ತನಕ ಅರ್ಥ್ ವೈರ್ ಫೇಸ್ ವೈರಿನಷ್ಟೇ ದಪ್ಪ.

ಐಎಸ್ 1255 ಹೇಳುವ ಆಳ 750 ಮಿಮೀ, ಅಂದರೆ ಎರಡೂವರೆ ಅಡಿ. ಕೆಳಗೆ ಮೂರು ಇಂಚು ಮರಳು, ಕೇಬಲ್, ಮೇಲೆ ಮತ್ತೆ ಮರಳು, ಇಟ್ಟಿಗೆ ಸಾಲು, ಮಣ್ಣು ಮುಚ್ಚುವಾಗ ನಡುವೆ ಎಚ್ಚರಿಕೆಯ ಟೇಪು. ಕಾರು ದಾಟುವ ಕಡೆ ಜಿಐ ಪೈಪು. ಗೋವಾದ ಮುರಕಲ್ಲಿನಲ್ಲಿ ಅಷ್ಟು ಅಗೆಯಲು ಆಗದಿದ್ದರೆ ಕಾಂಪೌಂಡ್ ಗೋಡೆಯ ಒಳಬದಿಗೆ ಕ್ಲಾಂಪ್ ಮಾಡಿ ಒಯ್ಯುವುದು, ಅರ್ಧ ಅಡಿ ಆಳದಲ್ಲಿ ಹೂತು ಮರೆಯುವುದಕ್ಕಿಂತ ಎಷ್ಟೋ ಮೇಲು. ಪುಣೆ ಸುತ್ತಿನ ಎರೆಮಣ್ಣಿನ ಕಷ್ಟ ಬೇರೆ ಬಗೆಯದು: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಕೇಬಲನ್ನು ಎಳೆದಾಡುತ್ತದೆ. ಬಿಗಿಯಾಗಿ ಎಳೆದು ಹೂಳಬೇಡಿ. ಎರಡೂ ತುದಿಗೆ ಒಂದು ಮೀಟರಿನಷ್ಟು ಸುರುಳಿ ಬಿಡಿ. ಜಾಯಿಂಟ್ ಮಾಡಲೇಬೇಕಾಗಿ ಬಂದರೆ ನೆಲದಿಂದ ಒಂದಡಿ ಮೇಲೆ ಕಟ್ಟೆ ಕಟ್ಟಿ ಪೆಟ್ಟಿಗೆಯಲ್ಲಿಡಿ.

ಅಗೆಯುವ ಕೂಲಿ ತೆಳ್ಳನೆ ಕೇಬಲಿಗೂ ದಪ್ಪ ಕೇಬಲಿಗೂ ಒಂದೇ. 4 ಬೇಕೋ 6 ಬೇಕೋ ಎಂಬ ಅನುಮಾನವಿದ್ದರೆ 6 ಹಾಕಿ.

ಸೊಸೈಟಿಯ ಪಾರ್ಕಿಂಗಿನಲ್ಲಿ ಕಾರ್ ಚಾರ್ಜಿಂಗಿಗೆ 16 ಆಂಪ್ಸಿನ ಪಾಯಿಂಟ್ ಬೇಕು. ಮೀಟರ್ ರೂಮಿನಿಂದ 50 ಮೀಟರ್.

ಇದು ಪ್ರೆಶರ್ ವಾಷರಿನ ಹಾಗಲ್ಲ, 15 ಆಂಪ್ಸ್ ಹತ್ತಿರ ಹತ್ತಿರ ರಾತ್ರಿಯಿಡೀ ಹರಿಯುತ್ತದೆ. 4 ಎಂಎಂನಲ್ಲಿ 8.25 ವೋಲ್ಟ್ ಇಳಿತ, 6ರಲ್ಲಿ 5.5. ಲೆಕ್ಕಕ್ಕೆ 4 ಸಾಕಾದರೂ 6 ಹಾಕಿಸಿ. ಹಗಲಿಡೀ ಬಿಸಿಯಾದ ಶಾಫ್ಟಿನೊಳಗೆ ನಾಲ್ಕೈದು ಮನೆಯ ಕೇಬಲ್ ಒಟ್ಟಿಗೆ ಹೋದರೆ ಪ್ರತಿಯೊಂದೂ ಹೊರುವ ಆಂಪ್ಸ್ ಕಡಿಮೆಯಾಗುತ್ತದೆ. ಒಂದು ಕಾರಿಗೆ ಒಂದೇ ಲೈನ್, ನಡುವೆ ಬೇರೆ ಕವಲು ಬೇಡ, ಆರ್‌ಸಿಸಿಬಿ ಎ ಟೈಪಿನದೇ ಇರಲಿ. ಸಾಕೆಟ್ ಮನೆಯೊಳಗಿನ ಬಿಳಿಯದಲ್ಲ, ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್.

ಮನೆಗೆ ತ್ರೀ ಫೇಸ್ ಇದೆ. ಅದರಿಂದ ಪ್ರಯೋಜನ ಉಂಟೇ?

ದೂರದಲ್ಲಿ ಲೋಡ್ ಜಾಸ್ತಿ ಇದ್ದರೆ ಬಹಳ ಉಂಟು. ಅದೇ ವಾಟ್ ಮೂರು ಫೇಸಿಗೂ ಸಮನಾಗಿ ಹಂಚಿದಾಗ ಒಂದೊಂದರಲ್ಲಿ ಮೂರನೇ ಒಂದು ಕರೆಂಟು, ನ್ಯೂಟ್ರಲಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಅದೇ ದಪ್ಪದ ವೈರಿನಲ್ಲಿ ಇಳಿತ ಆರನೇ ಒಂದಕ್ಕೆ ಬರುತ್ತದೆ. ಹೋಮ್‌ಸ್ಟೇಯ ಕಾಟೇಜುಗಳು 100 ಮೀಟರಿನಾಚೆ ಇದ್ದರೆ ತ್ರೀ ಫೇಸ್ ಕೇಬಲ್ ಒಂದನ್ನು ಅಲ್ಲಿಗೆ ಒಯ್ದು, ಚಿಕ್ಕ ಡಿಬಿ ಇಟ್ಟು, ಅಲ್ಲಿಂದ ಗಿಡ್ಡ ಲೈನುಗಳನ್ನು ಎಳೆಯಿರಿ.

ಕೆಲಸ ಮುಗಿಯಿತು. ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಮೊದಲು ಮೆಗ್ಗರ್: ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರೂ ಒಂದು ಮೆಗ್‌ಓಮಿಗಿಂತ ಮೇಲೆ ಇರಬೇಕು. ಹೊಸ ಕೇಬಲ್ ಅದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. ಆಮೇಲೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ.

ಕೊನೆಗೆ 1000 ವಾಟಿನ ಇಸ್ತ್ರಿಪೆಟ್ಟಿಗೆಯ ಪರೀಕ್ಷೆ. ದೂರದ ಸಾಕೆಟ್ಟಿನಲ್ಲಿ ಏನೂ ಚುಚ್ಚದೆ ವೋಲ್ಟೇಜ್ ಬರೆದುಕೊಳ್ಳಿ, ಇಸ್ತ್ರಿಪೆಟ್ಟಿಗೆ ಚುಚ್ಚಿ ಮತ್ತೆ ನೋಡಿ. ಅದು ಎಳೆಯುವುದು 4.3 ಆಂಪ್ಸ್. 60 ಮೀಟರ್ ಎರಡೂವರೆ ವೈರಾದರೆ ನಾಲ್ಕು, ನಾಲ್ಕೂವರೆ ವೋಲ್ಟ್ ಇಳಿಯಬೇಕು. 4 ಎಂಎಂ ಆದರೆ ಮೂರರ ಒಳಗೆ. ಹತ್ತು ಹನ್ನೆರಡು ಇಳಿದರೆ ಡಿಬಿಯ ಹತ್ತಿರವೂ ಅದೇ ಎರಡು ಅಳತೆ ತೆಗೆಯಿರಿ. ಅಲ್ಲೂ ಅಷ್ಟೇ ಇಳಿದರೆ ದೋಷ ಮೀಟರ್ ಕಡೆಯದು. ಅಲ್ಲಿ ನೆಟ್ಟಗಿದ್ದರೆ ನಡುವೆ ಜಾಯಿಂಟ್ ಸಡಿಲ, ಅಥವಾ ಹೇಳಿದ ದಪ್ಪದ ವೈರ್ ಹಾಕಿಲ್ಲ. ಮಣ್ಣು ಮುಚ್ಚುವ ಮೊದಲೇ ಈ ಪರೀಕ್ಷೆ ಮಾಡಿಸಿ. ಕೇಬಲ್ ಹೋದ ದಾರಿಯ ಫೋಟೋವನ್ನು ಗೋಡೆಯಿಂದ ಅಳತೆ ಟೇಪ್ ಹಿಡಿದು ತೆಗೆದಿಟ್ಟುಕೊಳ್ಳಿ, ಮುಂದೆ ತೆಂಗಿನ ಸಸಿ ನೆಡಲು ಗುಂಡಿ ತೋಡುವವರಿಗೆ ತೋರಿಸಬೇಕಾಗುತ್ತದೆ.